ಮ್ಯಾರಥಾನ್ ದಾರಿಯಲ್ಲಿ ವಾದ್ಯ ಊದುತ್ತಿದ್ದ ಜಡ್ಜ್: ಅಲನ್ ಪೇಜ್ ಬಗ್ಗೆ ಮಾತಾಡೋಣ ಬನ್ನಿ

ಹಿಮದೂರಿನವ

ನಾನು ಮಿನಿಯಾಪೊಲಿಸ್‌ಗೆ ಬಂದ ಹೊಸತು. ಅಕ್ಟೋಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಟ್ವಿನ್ ಸಿಟೀಸ್ ಮ್ಯಾರಥಾನ್ ನೋಡಲು ಹೋಗಿದ್ದೆ. ಆಫೀಸಿನ ಗೆಳೆಯ ಓಡುತ್ತಿದ್ದ, ಅವನಿಗೆ ಕೈ ಬೀಸಿ ಬರೋಣ ಅಂತ. ರಸ್ತೆ ಪಕ್ಕದಲ್ಲಿ ವಯಸ್ಸಾದ, ತುಂಬಾ ಎತ್ತರದ ಒಬ್ಬ ಕರಿಯರು ನಿಂತು ದೊಡ್ಡದೊಂದು ಹಿತ್ತಾಳೆ ವಾದ್ಯ ಊದುತ್ತಿದ್ದರು. ಮೈಗೆ ಸುತ್ತಿಕೊಂಡು ತಲೆ ಮೇಲೆ ಬಾಯಿ ತೆರೆದುಕೊಂಡಿರುತ್ತದಲ್ಲ, ಅಂಥದ್ದು. ಓಡುವವರೆಲ್ಲ ಅವರನ್ನು ಕಂಡ ಕೂಡಲೇ ನಗುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಹೆಂಗಸನ್ನು ಕೇಳಿದೆ. ಅವರು ನಮ್ಮ ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್, ಅಲನ್ ಪೇಜ್ ಅಂದರು. ಅದಕ್ಕೂ ಮೊದಲು ವೈಕಿಂಗ್ಸ್ ಅನ್ನುವ ಅಮೆರಿಕನ್ ಫುಟ್ಬಾಲ್ ತಂಡದ ಆಟಗಾರ ಅಂತಲೂ ಹೇಳಿದರು. ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. ಮನೆಗೆ ಹೋಗಿ ಹುಡುಕಿದರೆ ಎಲ್ಲವೂ ನಿಜ.

ಅವತ್ತಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಕನ್ನಡದಲ್ಲಿ ಯಾರೂ ಬರೆದದ್ದು ನನಗೆ ಕಾಣಲಿಲ್ಲ. ಅದಕ್ಕೇ ಇಲ್ಲಿ ಶುರು ಮಾಡುತ್ತಿದ್ದೇನೆ.

ಹುಟ್ಟಿದ್ದು 1945ರ ಆಗಸ್ಟ್ 7, ಒಹಾಯೋ ರಾಜ್ಯದ ಕ್ಯಾಂಟನ್ ಊರಲ್ಲಿ. ಉಕ್ಕಿನ ಕಾರ್ಖಾನೆಗಳ ಊರು ಅದು. ಹುಡುಗರು ಶಾಲೆ ಮುಗಿಸಿ ಕಾರ್ಖಾನೆಗೆ ಸೇರುವುದು ಅಲ್ಲಿ ವಾಡಿಕೆ. ಪೇಜ್‌ಗೆ ಅದು ಬೇಡವಾಗಿತ್ತು. ಚಿಕ್ಕ ವಯಸ್ಸಿನಲ್ಲೇ ವಕೀಲನಾಗಬೇಕು ಅಂತ ಆಸೆ ಇತ್ತು. ಶಾಲೆಗಳಲ್ಲಿ ಕರಿಯರು ಬಿಳಿಯರು ಅಂತ ಬೇರೆ ಬೇರೆ ಕೂರಿಸುವುದು ತಪ್ಪು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 1954ರಲ್ಲಿ. ಆಗ ಇವರಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಕೋರ್ಟಿನ ಮಾತಿನಿಂದ ಜನರ ಬದುಕು ಬದಲಾಗುತ್ತದೆ ಅನ್ನುವುದು ಆ ವಯಸ್ಸಿಗೇ ಮನಸ್ಸಿಗೆ ಬಂದಿತ್ತಂತೆ. ಹದಿಮೂರು ವಯಸ್ಸಿಗೆ ತಾಯಿ ತೀರಿಕೊಂಡರು.

ಇನ್ನೊಂದು ವಿಷಯ. ಅಮೆರಿಕದ ವೃತ್ತಿಪರ ಫುಟ್ಬಾಲ್‌ನ ಹಾಲ್ ಆಫ್ ಫೇಮ್, ಅಂದರೆ ದೊಡ್ಡ ಆಟಗಾರರನ್ನು ಗೌರವಿಸುವ ಮ್ಯೂಸಿಯಂ, ಇರುವುದು ಇದೇ ಕ್ಯಾಂಟನ್‌ನಲ್ಲಿ. ಆ ಆಟದ ಮುಖ್ಯ ಲೀಗ್ ಎನ್‌ಎಫ್‌ಎಲ್ ಹುಟ್ಟಿದ್ದೂ 1920ರಲ್ಲಿ ಇದೇ ಊರಲ್ಲಿ. ಹಾಲ್ ಆಫ್ ಫೇಮ್ ಕಟ್ಟಡ ಏಳುವಾಗ ಅಲ್ಲಿ ಕೂಲಿ ಕೆಲಸ ಮಾಡಿದ ಹುಡುಗರಲ್ಲಿ ಪೇಜ್ ಕೂಡ ಒಬ್ಬರು. 1988ರಲ್ಲಿ ಅದೇ ಕಟ್ಟಡದೊಳಗೆ ಅವರ ಪ್ರತಿಮೆ ಇಟ್ಟರು.

ಮುಂದಿನದನ್ನು ಒಬ್ಬನೇ ಬರೆಯುವುದಿಲ್ಲ. ಗೊತ್ತಿರುವವರು ಸೇರಿಸಿ.

ಕೆಂಪುಮಣ್ಣು

ಅಣ್ಣ, ಓದಿ ಖುಷಿ ಆಯ್ತು. ಆದರೆ ನನಗೆ ಈ ಆಟವೇ ಅರ್ಥ ಆಗುವುದಿಲ್ಲ. ಮೊಟ್ಟೆ ಆಕಾರದ ಚೆಂಡು, ತಲೆಗೆ ಹೆಲ್ಮೆಟ್, ಎರಡು ನಿಮಿಷ ಆಟ, ಹತ್ತು ನಿಮಿಷ ಜಾಹೀರಾತು. ಇವರು ಆಡುತ್ತಿದ್ದ ಜಾಗದ ಕೆಲಸ ಏನು? ಗೋಲು ಹೊಡೆಯುವವರಾ?

ಎಂಡ್ ಝೋನ್

ನಾನು ಹೇಳುತ್ತೇನೆ. ಶಿಕಾಗೋದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಇಲ್ಲಿನ ಬೇರ್ಸ್ ತಂಡದ ಅಭಿಮಾನಿ.

ಒಂದು ಕಡೆ 11 ಜನ, ಇನ್ನೊಂದು ಕಡೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹಾಗೆ ಹೋಗ್ತಾ ಹೋಗ್ತಾ ಎದುರಾಳಿಯ ಕೊನೆ ಗೆರೆ ದಾಟಬೇಕು. ಚೆಂಡು ಎಸೆಯುವವನೇ ಕ್ವಾರ್ಟರ್‌ಬ್ಯಾಕ್, ತಂಡದ ತಲೆ ಅವನು.

ಪೇಜ್ ಆಡುತ್ತಿದ್ದದ್ದು ತಡೆಯುವ ತಂಡದಲ್ಲಿ, ಡಿಫೆನ್ಸಿವ್ ಟ್ಯಾಕಲ್. ಸರಿಯಾಗಿ ಮಧ್ಯದಲ್ಲಿ ನಿಲ್ಲುವ ಜಾಗ. ಎದುರಿಗೆ ನೂರು ಕಿಲೋ ದಾಟಿದ ಆಳುಗಳು ಗೋಡೆ ಹಾಗೆ ನಿಂತಿರುತ್ತಾರೆ. ಆ ಗೋಡೆ ಒಡೆದು ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮುಂಚೆ ಅವನನ್ನು ಕೆಡವಬೇಕು. ಅದಕ್ಕೆ ಸ್ಯಾಕ್ ಅನ್ನುತ್ತಾರೆ. ಕಬಡ್ಡಿ ಗೊತ್ತಿರುವ ನಿಮಗೆ ಇದು ಬೇಗ ಹಿಡಿಸುತ್ತದೆ. ಕಾರ್ನರ್‌ನಲ್ಲಿ ನಿಂತವನು ರೈಡರ್ ಕಾಲು ಎತ್ತುವ ಮುಂಚೆಯೇ ಅಂದಾಜು ಹಾಕಿ ನುಗ್ಗುತ್ತಾನಲ್ಲ, ಪೇಜ್ ಆಟ ಅದೇ ರೀತಿ. ಆ ಜಾಗದಲ್ಲಿ ಆಡುವವರು ಸಾಮಾನ್ಯವಾಗಿ ಭಾರ ಮತ್ತು ಬಲ ನಂಬಿಕೊಂಡವರು. ಇವರು ನಂಬಿದ್ದು ವೇಗವನ್ನು. ಚೆಂಡು ಅಲುಗಿದ ಕ್ಷಣಕ್ಕೆ ಇವರು ಗೆರೆ ಆಚೆ ಇರುತ್ತಿದ್ದರು.

ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಓದಿದವರು. 1966ರಲ್ಲಿ ಆ ತಂಡ ಇಡೀ ದೇಶದ ಚಾಂಪಿಯನ್. 1967ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ಮೊದಲ ಸುತ್ತಿನಲ್ಲೇ, 15ನೇ ಆಯ್ಕೆಯಾಗಿ ತೆಗೆದುಕೊಂಡಿತು. ಅಲ್ಲಿ ಕಾರ್ಲ್ ಎಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್ ಜೊತೆ ಸೇರಿ ನಾಲ್ಕು ಜನರ ಸಾಲು. ಜೆರ್ಸಿ ನೇರಳೆ ಬಣ್ಣದ್ದು. ಜನ ಇಟ್ಟ ಹೆಸರು ಪರ್ಪಲ್ ಪೀಪಲ್ ಈಟರ್ಸ್, ಅಂದರೆ ಜನರನ್ನು ನುಂಗುವ ನೇರಳೆಗಳು. 1969ರ ಸೀಸನ್‌ನ 14 ಆಟಗಳಲ್ಲಿ ಈ ತಂಡ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ. ಆಟಕ್ಕೆ ಹತ್ತೂ ಇಲ್ಲ.

1971ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಸಿಕ್ಕಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕೊಡುವ ಆ ಪ್ರಶಸ್ತಿ ತಡೆಯುವ ತಂಡದವನಿಗೆ ಬಂದದ್ದು ಅದೇ ಮೊದಲು. ಆಮೇಲೆ 1986ರಲ್ಲಿ ಲಾರೆನ್ಸ್ ಟೇಲರ್‌ಗೆ ಬಂತು. ಉಳಿದಂತೆ ಆ ಪ್ರಶಸ್ತಿ ಹೋಗುವುದು ಹೆಚ್ಚಾಗಿ ಚೆಂಡು ಎಸೆಯುವವರಿಗೆ, ಹಿಡಿದು ಓಡುವವರಿಗೆ.

ಕೆಂಪುಮಣ್ಣು

ಕಾರ್ನರ್ ಉದಾಹರಣೆ ಕೊಟ್ಟಿರಿ ನೋಡಿ, ಈಗ ಗೊತ್ತಾಯ್ತು. ನಾನು ಮಂಡ್ಯ ಜಿಲ್ಲೆಗೆ ಆಡಿದ್ದೂ ಅದೇ ಜಾಗದಲ್ಲಿ. ಅಲ್ಲಿ ಹಿಡಿದವನ ಹೆಸರು ಯಾರೂ ಕೂಗುವುದಿಲ್ಲ, ರೈಡ್ ಮಾಡಿದವನದ್ದೇ ಕೂಗುತ್ತಾರೆ. ಹಾಗಾಗಿ 1971ರ ಆ ಪ್ರಶಸ್ತಿ ಎಷ್ಟು ದೊಡ್ಡದು ಅಂತ ನನಗೆ ಅರ್ಥ ಆಗುತ್ತದೆ.

ಇವರು ಒಟ್ಟು ಎಷ್ಟು ಸ್ಯಾಕ್ ಮಾಡಿದ್ದಾರೆ? ಲೀಗ್‌ನ ದಾಖಲೆ ಪಟ್ಟಿ ನೋಡಿದೆ, ಹೆಸರೇ ಇಲ್ಲ.

ಎಂಡ್ ಝೋನ್

ಇದು ನನಗೆ ತುಂಬಾ ನೋವು ಕೊಡುವ ವಿಷಯ. ಲೀಗ್ ಸ್ಯಾಕ್‌ಗಳನ್ನು ಅಧಿಕೃತವಾಗಿ ಲೆಕ್ಕ ಇಡಲು ಶುರು ಮಾಡಿದ್ದು 1982ರಲ್ಲಿ. ಪೇಜ್ ಆಟ ಮುಗಿಸಿದ್ದು 1981ರಲ್ಲಿ. ಒಂದೇ ಒಂದು ವರ್ಷ! ಹದಿನೈದು ಸೀಸನ್ ಆಡಿದವರ ಹೆಸರಿನ ಮುಂದೆ ಆ ಅಂಕಣ ಖಾಲಿ. ಹಳೇ ಆಟಗಳ ಚಿತ್ರೀಕರಣ, ಅಂಕಪಟ್ಟಿ ಎಲ್ಲ ಕೂತು ನೋಡಿದ ಸಂಶೋಧಕರ ಲೆಕ್ಕದಲ್ಲಿ 148.5 ಬರುತ್ತದೆ. ಮಧ್ಯದಲ್ಲಿ ನಿಂತು ಆಡುವವರಿಗೆ ಇದು ಭಾರೀ ಸಂಖ್ಯೆ. ಯಾಕೆಂದರೆ ಮಧ್ಯದಲ್ಲಿ ಇಬ್ಬಿಬ್ಬರು ಸೇರಿ ತಡೆಯುತ್ತಾರೆ.

ಇನ್ನೂ ಒಂದು. ಲೀಗ್ ಹಂತದ 218 ಆಟ ಆಡಿದರು. ಒಂದೂ ತಪ್ಪಿಸಲಿಲ್ಲ.

ಮೇಷ್ಟ್ರು ಹಾಸನ

ಎಲ್ಲ ಸರಿ, ಕಪ್ ಗೆದ್ದರಾ?

ಹಿಮದೂರಿನವ

ಇಲ್ಲ ಸರ್. ನಾಲ್ಕು ಸಲ ಸೂಪರ್ ಬೌಲ್ ಫೈನಲ್‌ಗೆ ಹೋದರು, ನಾಲ್ಕೂ ಸಲ ಸೋತರು. 1970ರಲ್ಲಿ ಕ್ಯಾನ್ಸಸ್ ಸಿಟಿ ಎದುರು, 1974ರಲ್ಲಿ ಮಯಾಮಿ, 1975ರಲ್ಲಿ ಪಿಟ್ಸ್‌ಬರ್ಗ್, 1977ರಲ್ಲಿ ಓಕ್‌ಲ್ಯಾಂಡ್. ಇಲ್ಲಿನ ಹಳಬರು ಇವತ್ತಿಗೂ ಅದನ್ನು ಹೇಳುವಾಗ ದನಿ ಇಳಿಸುತ್ತಾರೆ.

1975ರ ಡಿಸೆಂಬರ್‌ನಲ್ಲಿ ಇನ್ನೊಂದು ಸೋಲು. ಅದನ್ನಂತೂ ಇನ್ನೂ ಮರೆತಿಲ್ಲ. ಡಲ್ಲಾಸ್ ತಂಡದ ರೋಜರ್ ಸ್ಟಾಬಾಕ್ ಕೊನೆ ಗಳಿಗೆಯಲ್ಲಿ ದೇವರ ಮೇಲೆ ಭಾರ ಹಾಕಿ 50 ಗಜ ದೂರ ಚೆಂಡು ಎಸೆದರು. ಡ್ರೂ ಪಿಯರ್ಸನ್ ಹಿಡಿದುಬಿಟ್ಟರು. ವೈಕಿಂಗ್ಸ್ 17–14ರಲ್ಲಿ ಸೋತಿತು. ಆ ಆಟ ನಡೆದ ಮೆಟ್ರೊಪಾಲಿಟನ್ ಸ್ಟೇಡಿಯಂ ಈಗ ಇಲ್ಲ. ಅದೇ ಜಾಗದಲ್ಲಿ ಮಾಲ್ ಆಫ್ ಅಮೆರಿಕ ಇದೆ. ಊರಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ಕರೆದುಕೊಂಡು ಹೋಗುತ್ತೇವಲ್ಲ, ಅದೇ ಮಾಲ್. ನಾನು ಅಲ್ಲಿ ಹತ್ತು ಸಲ ತಿರುಗಿದ ಮೇಲೆ ಇದು ಗೊತ್ತಾಯಿತು.

ಶರಾವತಿ

ನಾನು ಬೆಂಗಳೂರಲ್ಲಿ ವಕೀಲಿಕೆ ಮಾಡುತ್ತೇನೆ. ಆಟ ಗೊತ್ತಿಲ್ಲ. ನನಗೆ ಬೇಕಾಗಿರುವುದು ಒಂದೇ ವಿಷಯ. ಲಾ ಓದಿದ್ದು ಯಾವಾಗ? ನಿವೃತ್ತಿ ಆದ ಮೇಲಾ?

ಹಿಮದೂರಿನವ

ಅಲ್ಲ ಮೇಡಂ, ಆಡುತ್ತಿರುವಾಗಲೇ. ನನಗೆ ಅವರ ಮೇಲೆ ಇಷ್ಟು ಗೌರವ ಬರಲು ಇದೇ ಕಾರಣ.

1968ರಲ್ಲಿ, ತಂಡಕ್ಕೆ ಸೇರಿದ ಮರುವರ್ಷವೇ, ಒಂದು ಲಾ ಕಾಲೇಜಿಗೆ ಸೇರಿದರು. ಮೂರು ವಾರಕ್ಕೆ ಬಿಟ್ಟುಬಿಟ್ಟರು. ಆಗಲಿಲ್ಲ. ಏಳು ವರ್ಷ ಬಿಟ್ಟು 1975ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಲಾ ಸ್ಕೂಲ್‌ಗೆ ಮತ್ತೆ ಹೋದರು. ಆಗ ಮೂವತ್ತರ ವಯಸ್ಸು. ಲೀಗ್‌ನ ದೊಡ್ಡ ಹೆಸರು. ಫೈನಲ್ ಆಡಿ ಬಂದು ಪುಸ್ತಕ ತೆಗೆಯುವುದು ಅಂದರೆ ಯೋಚನೆ ಮಾಡಿ. 1978ರಲ್ಲಿ ಡಿಗ್ರಿ ಮುಗಿಯಿತು. ಮಾರನೇ ವರ್ಷದಿಂದ ಮಿನಿಯಾಪೊಲಿಸ್‌ನ ಲಿಂಡ್‌ಕ್ವಿಸ್ಟ್ ಅಂಡ್ ವೆನಮ್ ವಕೀಲರ ಸಂಸ್ಥೆಯಲ್ಲಿ ಕೆಲಸ. ಆಗಲೂ ಆಡುತ್ತಿದ್ದರು.

ಮೂರು ವಾರಕ್ಕೆ ಬಿಟ್ಟಿದ್ದನ್ನು ಬೇಕು ಅಂತಲೇ ಹೇಳಿದೆ. ಇಂಥವರ ಕಥೆ ಹೇಳುವಾಗ ಆ ಭಾಗ ಹಾರಿಸಿಬಿಡುತ್ತಾರೆ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಶರಾವತಿ

ಮೊದಲ ವರ್ಷದ ಕಾಂಟ್ರ್ಯಾಕ್ಟ್ ಆ್ಯಕ್ಟ್ ಓದಿದ ರಾತ್ರಿಗಳು ನೆನಪಾದವು. ಬೇರೆ ಯಾವ ಕೆಲಸವೂ ಇಲ್ಲದೆ ಓದಿದರೂ ನನಗೆ ಕಷ್ಟ ಆಗಿತ್ತು. ಹಗಲು ಮೈ ಜಜ್ಜಿಸಿಕೊಂಡು ಬಂದು ಅದನ್ನು ಓದುವುದು ಹೇಗೋ!

ಅವರಿಗೆ ಕಾನೂನಿನ ಜೊತೆ ಅದಕ್ಕೂ ಮೊದಲೇ ಸಂಬಂಧ ಇತ್ತು ಅಂತ ಈಗ ಹುಡುಕಿದಾಗ ಸಿಕ್ಕಿತು. ಆಟಗಾರರ ಸಂಘದಲ್ಲಿ ಪ್ರತಿನಿಧಿ ಆಗಿದ್ದರಂತೆ. ಆಗೆಲ್ಲ ಒಂದು ನಿಯಮ ಇತ್ತು. ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋದರೆ, ಆ ಹೊಸ ತಂಡ ಹಳೇ ತಂಡಕ್ಕೆ ಪರಿಹಾರ ಕೊಡಬೇಕು. ಎಷ್ಟು ಅಂತ ಇಬ್ಬರಿಗೂ ಒಪ್ಪಿಗೆ ಆಗದಿದ್ದರೆ ಲೀಗ್ ಕಮಿಷನರ್ ತೀರ್ಮಾನಿಸುತ್ತಿದ್ದರು. ಪರಿಹಾರ ಎಷ್ಟಾಗುತ್ತದೋ ಅನ್ನುವ ಭಯಕ್ಕೆ ಯಾವ ತಂಡವೂ ಕೈ ಹಾಕುತ್ತಿರಲಿಲ್ಲ. ಅಂದರೆ ಕರಾರು ಮುಗಿದರೂ ಆಟಗಾರನಿಗೆ ಬಿಡುಗಡೆ ಇಲ್ಲ. ಜಾನ್ ಮ್ಯಾಕಿ ಅನ್ನುವ ಆಟಗಾರ ಮತ್ತು ಇತರರು ಮಿನಿಯಾಪೊಲಿಸ್‌ನ ಫೆಡರಲ್ ಕೋರ್ಟಿಗೆ ಹೋದರು. ಆ ದಾವೆ ಹಾಕಿದವರಲ್ಲಿ ಪೇಜ್ ಒಬ್ಬರು. 1975ರಲ್ಲಿ ಕೋರ್ಟ್ ಆ ನಿಯಮ ಕಾನೂನಿಗೆ ವಿರುದ್ಧ ಅಂದಿತು.

ಅದೇ ವರ್ಷ ಲಾ ಸ್ಕೂಲ್‌ಗೆ ಸೇರಿದ್ದು! ಎರಡಕ್ಕೂ ನಂಟು ಇದ್ದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಬೆಳಗಿನ ಓಟ

ಓಟದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಅವರ ಹೆಂಡತಿ ಡಯಾನ್ ಸಿಗರೇಟ್ ಬಿಡಲು ಓಡುವುದನ್ನು ಹಿಡಿದರು. ಇವರೂ ಜೊತೆಗೆ ಓಡಲು ಹೋದರು. ಆ ಓಟ ಇವರನ್ನು ಹಿಡಿದುಬಿಟ್ಟಿತು. 1979ರಲ್ಲಿ ಡುಲೂತ್‌ನ ಗ್ರ್ಯಾಂಡ್‌ಮಾಸ್ ಮ್ಯಾರಥಾನ್ ಓಡಿ ಮುಗಿಸಿದರು. ಸುಪೀರಿಯರ್ ಸರೋವರದ ದಂಡೆಯುದ್ದಕ್ಕೂ 42 ಕಿಲೋಮೀಟರ್. ಲೀಗ್‌ನಲ್ಲಿ ಆಡುತ್ತಿರುವಾಗಲೇ ಮ್ಯಾರಥಾನ್ ಮುಗಿಸಿದ ಮೊದಲ ಆಟಗಾರ ಅವರೇ. 1987ರಲ್ಲಿ 100 ಕಿಲೋಮೀಟರ್ ಓಟವನ್ನೂ ಓಡಿದರು.

ನಾನು ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಓಡುವವನು. 21 ಕಿಲೋಮೀಟರ್‌ಗೇ ಮಂಡಿ ಹಿಡಿದುಕೊಂಡು ಕೂತಿದ್ದೇನೆ. 6 ಅಡಿ 4 ಇಂಚಿನ, ನೂರು ಕಿಲೋ ದಾಟಿದ ದೇಹ ಹೊತ್ತುಕೊಂಡು ಓಡುವುದು ಬೇರೆಯೇ ಲೆಕ್ಕ. ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಬೀಳುವ ಭಾರ ಯೋಚಿಸಿ.

ಎಂಡ್ ಝೋನ್

ಆ ಓಟದಿಂದಲೇ ವೈಕಿಂಗ್ಸ್ ಜೊತೆ ಕೆಟ್ಟದ್ದು. ತೂಕ ಇಳಿಯಿತು. ಮೊದಲು 111 ಕಿಲೋ ಹತ್ತಿರ ಇದ್ದವರು 102ರ ಆಸುಪಾಸಿಗೆ ಬಂದರು. ಕೋಚ್ ಬಡ್ ಗ್ರ್ಯಾಂಟ್‌ಗೆ ಇದು ಸರಿ ಕಾಣಲಿಲ್ಲ. 1978ರ ಸೀಸನ್ ಮಧ್ಯದಲ್ಲೇ ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. ನಮ್ಮ ಶಿಕಾಗೋ ಬೇರ್ಸ್ ಅವರನ್ನು ತೆಗೆದುಕೊಂಡಿತು. ಲೀಗ್ ನಿಯಮದ ಪ್ರಕಾರ ಕಟ್ಟಿದ್ದು 100 ಡಾಲರ್. ಹೌದು, ನೂರೇ ಡಾಲರ್. ಲೀಗ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವರಿಗೆ!

ನನ್ನ ಪ್ರಕಾರ ವೈಕಿಂಗ್ಸ್ ದೊಡ್ಡ ತಪ್ಪು ಮಾಡಿತು. ಓದುತ್ತಾನೆ, ಓಡುತ್ತಾನೆ, ಸಂಘ ಅಂತಾನೆ. ಆಟ ಬಿಟ್ಟು ಬೇರೆ ಯೋಚನೆ ಇರುವವರನ್ನು ಕಂಡರೆ ಆಗಿನ ತಂಡಗಳಿಗೆ ಸಹಿಸಲು ಆಗುತ್ತಿರಲಿಲ್ಲ.

ಹಿಮದೂರಿನವ

ಇಲ್ಲಿ ನಾನು ಒಪ್ಪುವುದಿಲ್ಲ, ಅಥವಾ ಪೂರ್ತಿ ಒಪ್ಪುವುದಿಲ್ಲ. ಗ್ರ್ಯಾಂಟ್ ಕಡೆಯಿಂದಲೂ ನೋಡಬೇಕು. ಮಧ್ಯದಲ್ಲಿ ನಿಲ್ಲುವ ಆಟಗಾರ ಹಗುರಾದರೆ ಎದುರಾಳಿ ಅವನನ್ನೇ ತಳ್ಳಿಕೊಂಡು ಹೋಗುತ್ತಾನೆ. ಅದು ಇಡೀ ತಂಡಕ್ಕೆ ಪೆಟ್ಟು. ಕೋಚ್ ನೋಡಬೇಕಾದದ್ದು ಅದನ್ನೇ. ಗ್ರ್ಯಾಂಟ್ ದ್ವೇಷದಿಂದ ಮಾಡಿದರು ಅಂತ ನಾನು ಹೇಳಲಾರೆ.

ಆದರೆ ಲೆಕ್ಕ ತಪ್ಪಿತು, ಅದು ನಿಜ.

ಎಂಡ್ ಝೋನ್

ಸರಿ, ದ್ವೇಷ ಅನ್ನುವ ಮಾತು ನಾನೂ ಆಡುವುದಿಲ್ಲ. ಆದರೆ ಇದನ್ನು ನೋಡಿ. ಆಗ ಬೇರ್ಸ್‌ನ ಮುಖ್ಯ ಕೋಚ್ ನೀಲ್ ಆರ್ಮ್‌ಸ್ಟ್ರಾಂಗ್. ಚಂದ್ರನ ಮೇಲೆ ಹೋದವರಲ್ಲ, ಅದೇ ಹೆಸರಿನ ಬೇರೆಯವರು. ಡಿಫೆನ್ಸ್ ನೋಡಿಕೊಳ್ಳುತ್ತಿದ್ದವರು ಬಡ್ಡಿ ರಯಾನ್. ಇಬ್ಬರೂ ಅದಕ್ಕೆ ಮೊದಲು ವೈಕಿಂಗ್ಸ್‌ನಲ್ಲೇ ಪೇಜ್‌ಗೆ ಕೋಚ್ ಆಗಿದ್ದವರು. ಅಂದರೆ ಅವರ ಆಟವನ್ನು ಹತ್ತಿರದಿಂದ ನೋಡಿದ್ದವರೇ ಕೈ ಚಾಚಿದರು. ಆ ನೂರು ಡಾಲರ್ ಆಟಗಾರ ಶಿಕಾಗೋದಲ್ಲಿ 1981ರವರೆಗೆ ಆಡಿ ಸುಮಾರು 40 ಸ್ಯಾಕ್ ಮಾಡಿದರು. ಅದೂ ಆ ಕಡಿಮೆ ತೂಕದಲ್ಲೇ.

ಕೆಂಪುಮಣ್ಣು

ಇಷ್ಟು ವರ್ಷ ಆಡಿದವರ ಮೈ ಸರಿ ಇರುತ್ತದಾ? ಈ ಆಟದವರಿಗೆ ವಯಸ್ಸಾದ ಮೇಲೆ ನೆನಪು ಹೋಗುತ್ತದೆ, ಮೆದುಳಿಗೆ ಪೆಟ್ಟು ಅಂತ ಓದಿದ್ದೆ.

ಹಿಮದೂರಿನವ

ಅದು ನಿಜ. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಮೆದುಳು ನಿಧಾನವಾಗಿ ಹಾಳಾಗುವ ಕಾಯಿಲೆ. ಪಿಟ್ಸ್‌ಬರ್ಗ್‌ನ ಆಟಗಾರ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ ಡಾಕ್ಟರ್ ಬೆನೆಟ್ ಒಮಾಲು ಅವರ ಮೆದುಳಲ್ಲಿ ಇದನ್ನು ಗುರುತಿಸಿದರು. ಆಮೇಲೆ ಎಷ್ಟೋ ಜನರಲ್ಲಿ ಕಂಡಿದೆ. ಪೇಜ್ ಕಾಲದ ಆಟಗಾರರಿಗೆ ಇದರ ಬಗ್ಗೆ ಯಾರೂ ಎಚ್ಚರ ಹೇಳಿರಲಿಲ್ಲ. ಹಾಗಾಗಿ ಅವರ ಬದುಕನ್ನು ಹೊಗಳುವಾಗ ಎಲ್ಲ ಆಟಗಾರರಿಗೂ ಹೀಗೇ ಆಯಿತು ಅನ್ನುವ ಹಾಗೆ ಬರೆಯಬಾರದು.

ಪೇಜ್ ಮೈಮೇಲೆ ಎಲ್ಲರಿಗೂ ಕಾಣುವ ಗುರುತು ಎಡಗೈ ಕಿರುಬೆರಳು. ಆಟದಲ್ಲಿ ಕೀಲು ತಪ್ಪಿ ತಪ್ಪಿ, ಈಗ ಪಕ್ಕಕ್ಕೆ ಮೂಲೆಮಟ್ಟದ ಹಾಗೆ ಹೊರಳಿ ನಿಂತಿದೆ. ಶಾಲೆಗೆ ಹೋದರೆ ಮಕ್ಕಳು ಮೊದಲು ಕೇಳುವುದೇ ಅದನ್ನು. ಅವರ ಮಗಳು ಶಾಲೆಯ ಟೀಚರ್. ಅವಳ ಜೊತೆ ಕೂತು ಆ ಬೆರಳಿನ ಮೇಲೆ ಒಂದು ಮಕ್ಕಳ ಪುಸ್ತಕವನ್ನೇ ಬರೆದರು.

ಪುಟ್ಟಿಯ ಅಮ್ಮ

ನನ್ನ ಮಗಳಿಗೆ ಈ ಬೆರಳಿನ ಫೋಟೋ ತೋರಿಸಿದೆ. ನೋವಾಗಲ್ವಾ ಅಮ್ಮ ಅಂತ ಕೇಳಿ, ತನ್ನ ಬೆರಳು ಹಿಡಿದುಕೊಂಡಳು. ಅವಳಿಗೆ ಫುಟ್ಬಾಲೂ ಬೇಡ, ಕೋರ್ಟೂ ಬೇಡ, ಬೆರಳೇ ಸಾಕು.

ಶರಾವತಿ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮೊದಲು ಒಂದು ಸ್ಪಷ್ಟನೆ. ಇಲ್ಲಿ ಹೇಳುತ್ತಿರುವುದು ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟ್. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಅತ್ಯುನ್ನತ ಕೋರ್ಟ್ ಇರುತ್ತದೆ. ಮಿನ್ನೆಸೋಟದಲ್ಲಿ ಏಳು ನ್ಯಾಯಮೂರ್ತಿಗಳು, ಆರು ವರ್ಷದ ಅವಧಿ, ಜನರೇ ವೋಟು ಹಾಕಿ ಆರಿಸುತ್ತಾರೆ. ಪಕ್ಷದ ಚಿಹ್ನೆ ಇರುವುದಿಲ್ಲ. ನಮ್ಮಲ್ಲಿ ಜಡ್ಜ್‌ಗಳು ಚುನಾವಣೆಗೆ ನಿಲ್ಲುವುದನ್ನು ಊಹಿಸಲೂ ಆಗುವುದಿಲ್ಲ, ಅಲ್ವಾ? ನಮ್ಮ ಕ್ರಮವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಪೇಜ್ ಕಥೆ ಓದಿದ ಮೇಲೆ ಸ್ವಲ್ಪ ಯೋಚನೆ ಆಗಿದೆ.

ಅವರು 1985ರಿಂದ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. 1992ರಲ್ಲಿ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ ನಿಲ್ಲಲು ಹೊರಟರು. ಅಲ್ಲಿ ಹೆಚ್ಚಾಗಿ ಆಗುತ್ತಿದ್ದದ್ದು ಏನೆಂದರೆ, ಜಡ್ಜ್ ಅವಧಿ ಮಧ್ಯದಲ್ಲೇ ಇಳಿಯುತ್ತಾರೆ, ಗವರ್ನರ್ ಬೇರೆಯವರನ್ನು ನೇಮಿಸುತ್ತಾರೆ, ಆಮೇಲೆ ಅವರೇ ಚುನಾವಣೆಗೆ ನಿಂತು ಗೆಲ್ಲುತ್ತಾರೆ. ಖಾಲಿ ಸ್ಥಾನಕ್ಕೆ ನೇರ ಚುನಾವಣೆ ಅಪರೂಪ. ಈ ಸಲ ಗವರ್ನರ್ ಆರ್ನಿ ಕಾರ್ಲ್‌ಸನ್ ಹಾಲಿ ನ್ಯಾಯಮೂರ್ತಿಯ ಅವಧಿಯನ್ನೇ ವಿಸ್ತರಿಸಿದರು. ಚುನಾವಣೆಯೇ ಇಲ್ಲ!

ಪೇಜ್ ಕೇಸು ಹಾಕಿದರು. ಈಗ ನೋಡಿ ಇಕ್ಕಟ್ಟು: ಸುಪ್ರೀಂ ಕೋರ್ಟಿನ ಸ್ಥಾನದ ಕೇಸನ್ನು ಅದೇ ಕೋರ್ಟಿನ ನ್ಯಾಯಮೂರ್ತಿಗಳು ಹೇಗೆ ಕೇಳುವುದು? ಅವರು ಹಿಂದೆ ಸರಿದರು, ಬೇರೆಯವರ ಪೀಠ ಕೂತಿತು. ತೀರ್ಪು ಪೇಜ್ ಪರ ಬಂತು. ಚುನಾವಣೆ ನಡೆಯಿತು, ಗೆದ್ದರು. 1993ರ ಜನವರಿಯಲ್ಲಿ ಪೀಠ ಏರಿದರು. ಆ ಕೋರ್ಟಿನಲ್ಲಿ ಕೂತ ಮೊದಲ ಕರಿಯ ನ್ಯಾಯಮೂರ್ತಿ. ಆಮೇಲೆ 1998, 2004, 2010, ಮೂರು ಸಲವೂ ಗೆದ್ದರು.

ನೇಮಕಕ್ಕೆ ಕಾದಿದ್ದರೆ ಅವರ ಸರದಿ ಯಾವಾಗ ಬರುತ್ತಿತ್ತೋ. ನನ್ನ ಯೋಚನೆ ಅದೇ.

ಮೇಷ್ಟ್ರು ಹಾಸನ

ಆಟಗಾರನ ಹೆಸರಿಗೆ ವೋಟು ಬಿದ್ದಿತು ಅಂತ ಹೇಳುವವರೂ ಇರುತ್ತಾರಲ್ಲ ಮೇಡಂ?

ಶರಾವತಿ

ಇದ್ದರು ಸರ್, ಆಗಲೂ ಕೇಳಿದರು. ಮೊದಲ ಗೆಲುವಿಗೆ ಹೆಸರು ನೆರವಾಗಿಯೇ ಇರುತ್ತದೆ. ಆದರೆ 22 ವರ್ಷ ಪೀಠದಲ್ಲಿ ಕೂತು ಸಾವಿರಾರು ಪುಟ ತೀರ್ಪು ಬರೆಯಲು ಹೆಸರು ಸಾಲುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 2008ರಲ್ಲಿ ಮಿನ್ನೆಸೋಟದಿಂದ ಸೆನೆಟ್ ಚುನಾವಣೆ. ಆಲ್ ಫ್ರಾಂಕನ್ ಮತ್ತು ನಾರ್ಮ್ ಕೋಲ್ಮನ್. ಇಪ್ಪತ್ತೊಂಬತ್ತು ಲಕ್ಷದ ಹತ್ತಿರ ವೋಟುಗಳಲ್ಲಿ ಕೊನೆಗೆ ಉಳಿದ ಅಂತರ 312. ಮರುಎಣಿಕೆ, ದಾವೆ, ತಿಂಗಳುಗಟ್ಟಲೆ ಎಳೆದಾಟ. ಇಡೀ ದೇಶ ನೋಡುತ್ತಿತ್ತು. ಮುಖ್ಯ ನ್ಯಾಯಮೂರ್ತಿ ಮತ್ತು ಇನ್ನೊಬ್ಬರು ಮತ ಪರಿಶೀಲನೆಯ ಮಂಡಳಿಯಲ್ಲಿ ಇದ್ದದ್ದರಿಂದ ಕೇಸು ಕೇಳುವಂತಿರಲಿಲ್ಲ. ಹಿರಿಯರಾದ ಪೇಜ್ ಅಧ್ಯಕ್ಷ ಸ್ಥಾನದಲ್ಲಿ ಕೂತರು. 2009ರ ಜೂನ್ 30ರಂದು ಐದೂ ಜನ ಒಂದೇ ಮಾತಿನ ತೀರ್ಪು ಕೊಟ್ಟರು. ಅದೇ ದಿನ ಕೋಲ್ಮನ್ ಸೋಲು ಒಪ್ಪಿಕೊಂಡರು. ಅಂಥ ಬಿಸಿಯ ಕೇಸಿನಲ್ಲಿ ಒಂದೇ ಒಂದು ಭಿನ್ನಮತ ಇಲ್ಲದೆ ತೀರ್ಪು ಬರುವುದು ಸುಮ್ನೆ ಮಾತಲ್ಲ.

2015ರಲ್ಲಿ ಎಪ್ಪತ್ತು ತುಂಬಿತು. ಅಲ್ಲಿನ ಕಾನೂನಿನ ಪ್ರಕಾರ ಆ ವಯಸ್ಸಿಗೆ ಇಳಿಯಲೇಬೇಕು. ಇಳಿದರು. ಕೊನೆಯವರೆಗೂ ಕೊರಳಿಗೆ ಬೋ ಟೈ.

ಮೇಷ್ಟ್ರು ಹಾಸನ

ನಾನು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವನು. ನೀವೆಲ್ಲ ಬರೆದದ್ದನ್ನು ಓದಿ ನಾನೂ ಎರಡು ದಿನ ಹುಡುಕಿದೆ. ನನಗೆ ಸಿಕ್ಕ ಒಂದು ವಿಷಯ ಹೇಳಲೇಬೇಕು.

1988ರಲ್ಲಿ ಹಾಲ್ ಆಫ್ ಫೇಮ್ ಗೌರವ. ಅಲ್ಲಿ ವೇದಿಕೆಗೆ ಕರೆತಂದು ಪರಿಚಯ ಮಾಡಲು ಹೆಚ್ಚಾಗಿ ತಮ್ಮ ಕೋಚ್‌ನನ್ನೋ ಜೊತೆಯ ಆಟಗಾರನನ್ನೋ ಕರೆಯುತ್ತಾರೆ. ಪೇಜ್ ಕರೆದದ್ದು ವಿಲರೀನ್ ಬೀಸ್ಲಿ ಅವರನ್ನು. ಮಿನಿಯಾಪೊಲಿಸ್‌ನ ಒಂದು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್! ಆಮೇಲೆ ಮಾಡಿದ ಭಾಷಣವೂ ಓದಿನ ಬಗ್ಗೆಯೇ. ತಂಡದ ಒಂದು ಮೀಟಿಂಗ್‌ನಲ್ಲಿ ಕೋಚ್ ಆಟದ ಪುಸ್ತಕವನ್ನು ಗಟ್ಟಿಯಾಗಿ ಓದಲು ಹೇಳಿದರಂತೆ. ಕೆಲವರಿಗೆ ಓದಲು ಬರಲೇ ಇಲ್ಲ. ಶಾಲೆ, ಕಾಲೇಜು ಎಲ್ಲ ದಾಟಿ ಬಂದ ದೊಡ್ಡ ಗಂಡಸರು. ಚೆನ್ನಾಗಿ ಆಡುತ್ತಾನೆ ಅಂತ ಒಂದೊಂದು ತರಗತಿಯಿಂದಲೂ ಮುಂದೆ ತಳ್ಳಿ ತಳ್ಳಿ ಬಿಟ್ಟಿದ್ದರು. ಆ ಘಟನೆಯನ್ನು ಅವರು ಅಷ್ಟು ದೊಡ್ಡ ಸಭೆಯಲ್ಲಿ ಎತ್ತಿ ಹೇಳಿದರು.

ಇದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ನನ್ನ ತರಗತಿಯಲ್ಲೂ ಅಂಥ ಹುಡುಗರು ಇದ್ದರು. ಒಬ್ಬನನ್ನು ಖೋ ಖೋ ಚೆನ್ನಾಗಿ ಆಡುತ್ತಾನೆ ಅಂತ ನಾನೇ ಪಾಸು ಮಾಡಿ ಕಳಿಸಿದ್ದೇನೆ. ಅವನಿಗೆ ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆ.

ಪುಟ್ಟಿಯ ಅಮ್ಮ

ಸರ್, ಹಾಗೆ ಬರೆಯುವುದಕ್ಕೂ ಧೈರ್ಯ ಬೇಕು.

ಹಿಮದೂರಿನವ

ಮೇಷ್ಟ್ರೇ, ನಾನು ಬರೆಯಬೇಕು ಅಂದುಕೊಂಡದ್ದರ ಮುಖ್ಯ ಭಾಗ ನೀವೇ ಹೇಳಿದಿರಿ.

ಅದೇ 1988ರಲ್ಲಿ ಅಲನ್ ಮತ್ತು ಡಯಾನ್ ಸೇರಿ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದರು. ಮಿನ್ನೆಸೋಟದ ಬಿಳಿಯರಲ್ಲದ ಸಮುದಾಯಗಳ ಮಕ್ಕಳಿಗೆ ಕಾಲೇಜು ಓದಲು ಸಹಾಯಧನ. ಆದರೆ ಹಣ ತೆಗೆದುಕೊಂಡವರು ವರ್ಷಕ್ಕೆ ಇಷ್ಟು ಗಂಟೆ ಅಂತ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡಬೇಕು. ಆ ಚಿಕ್ಕ ಮಕ್ಕಳು ತಮ್ಮ ಹಾಗೇ ಇರುವ ಒಬ್ಬ ಅಕ್ಕ, ಒಬ್ಬ ಅಣ್ಣ ಕಾಲೇಜಿಗೆ ಹೋಗುವುದನ್ನು ಕಣ್ಣಾರೆ ನೋಡುತ್ತಾರೆ. ಈವರೆಗೆ ಸಾವಿರಾರು ಮಕ್ಕಳು ಹೀಗೆ ಓದಿದ್ದಾರೆ.

2017ರಲ್ಲಿ ಮಿನಿಯಾಪೊಲಿಸ್‌ನ ಒಂದು ಶಾಲೆಗೆ ಅವರ ಹೆಸರು ಬಂತು. ಮೊದಲು ಅದಕ್ಕೆ ಅಲೆಕ್ಸಾಂಡರ್ ರ್‍ಯಾಮ್ಸಿ ಹೆಸರು ಇತ್ತು. 1862ರಲ್ಲಿ ಡಕೋಟಾ ಮೂಲನಿವಾಸಿಗಳನ್ನು ಕೊಲ್ಲಬೇಕು, ಇಲ್ಲವೇ ರಾಜ್ಯದಿಂದಲೇ ಓಡಿಸಬೇಕು ಅಂದ ಗವರ್ನರ್ ಅವರು. ಆ ಹೆಸರು ಬೇಡ ಅಂತ ಶಾಲೆಯ ಮಕ್ಕಳೇ ಪಟ್ಟು ಹಿಡಿದರು. ಈಗ ಅದು ಜಸ್ಟಿಸ್ ಪೇಜ್ ಮಿಡಲ್ ಸ್ಕೂಲ್.

2018ರಲ್ಲಿ ಡಯಾನ್ ಕ್ಯಾನ್ಸರ್‌ನಿಂದ ತೀರಿಕೊಂಡರು. 45 ವರ್ಷದ ಜೊತೆ. ಕೆಲವೇ ವಾರಗಳ ನಂತರ ಶ್ವೇತಭವನದಲ್ಲಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ, ಆ ದೇಶದ ನಾಗರಿಕರಿಗೆ ಕೊಡುವ ದೊಡ್ಡ ಗೌರವ. ಅವತ್ತು ಪಕ್ಕದಲ್ಲಿ ಅದೇ ಪದಕ ಪಡೆದ ಇನ್ನೊಬ್ಬರು ಯಾರು ಗೊತ್ತಾ? ರೋಜರ್ ಸ್ಟಾಬಾಕ್. 1975ರಲ್ಲಿ ಆ 50 ಗಜದ ಚೆಂಡು ಎಸೆದು ವೈಕಿಂಗ್ಸ್ ಸೋಲಿಸಿದವರು.

ಬೆಳಗಿನ ಓಟ

ಈಗ ಏನು ಮಾಡುತ್ತಿದ್ದಾರೆ?

ಹಿಮದೂರಿನವ

2020ರಲ್ಲಿ ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ ನೀಲ್ ಕಶ್ಕರಿ ಜೊತೆ ಸೇರಿ ಒಂದು ಪ್ರಸ್ತಾಪ ಮುಂದಿಟ್ಟರು. ಕಶ್ಕರಿ ಅವರ ತಂದೆ ತಾಯಿ ಕಾಶ್ಮೀರ ಮೂಲದವರು. ಒಳ್ಳೆಯ ಗುಣಮಟ್ಟದ ಸರ್ಕಾರಿ ಶಿಕ್ಷಣ ಪ್ರತಿ ಮಗುವಿನ ಹಕ್ಕು ಅಂತ ರಾಜ್ಯದ ಸಂವಿಧಾನದಲ್ಲೇ ಬರೆಯಬೇಕು ಅನ್ನುವುದು ಪ್ರಸ್ತಾಪ. ಮಿನ್ನೆಸೋಟ ಓದಿನಲ್ಲಿ ಮುಂದಿದೆ ಅಂತ ಹೆಸರು, ಆದರೆ ಬಿಳಿಯ ಮಕ್ಕಳಿಗೂ ಕರಿಯ ಮಕ್ಕಳಿಗೂ ಕಲಿಕೆಯ ಅಂತರ ತುಂಬಾ ದೊಡ್ಡದು. ಶಿಕ್ಷಕರ ಸಂಘ ಇದನ್ನು ವಿರೋಧಿಸಿತು. ಸರ್ಕಾರದ ಈಗಿನ ಹೊಣೆಯ ಮಾತು ಸಡಿಲವಾಗಿ, ದುಡ್ಡು ಖಾಸಗಿ ಶಾಲೆಗಳ ಕಡೆ ಹರಿಯಬಹುದು ಅನ್ನುವುದು ಅವರ ಆತಂಕ. ಮೇಷ್ಟ್ರೇ, ಇದರಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಮೇಷ್ಟ್ರು ಹಾಸನ

ಶಿಕ್ಷಕರ ಆತಂಕ ಸುಳ್ಳಲ್ಲ. ನಮ್ಮಲ್ಲೂ ಸಂವಿಧಾನದಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕು ಇದೆ. 2010ರಿಂದ ಕಾಯ್ದೆಯೂ ಬಂದಿದೆ. ಕಾಲು ಭಾಗ ಸೀಟು ಖಾಸಗಿ ಶಾಲೆಯಲ್ಲಿ ಅಂದಾಗ ನಮ್ಮ ಊರಿನ ಮಕ್ಕಳೂ ಆ ಕಡೆ ಹೋದರು, ನನ್ನ ಶಾಲೆ ಖಾಲಿ ಆಗುತ್ತಾ ಬಂತು. ಆದರೆ ಹಕ್ಕು ಅನ್ನುವ ಮಾತು ಬರಹದಲ್ಲಿ ಇದ್ದಾಗ ಒಬ್ಬ ಅಪ್ಪ ಬಂದು ಮೇಜು ಕುಟ್ಟಿ ಕೇಳಬಹುದು. ಅದು ಇಲ್ಲದ ಕಾಲವನ್ನೂ ನೋಡಿದ್ದೇನೆ. ಹಾಗಾಗಿ ನಾನು ಪೇಜ್ ಪರ.

ಕೆಂಪುಮಣ್ಣು

ಅಣ್ಣ, ಒಂದು ಕೇಳಬೇಕಿತ್ತು. ಆ ಫೌಂಡೇಶನ್ ಸಹಾಯಧನ ನಮ್ಮ ಭಾರತದ ಮಕ್ಕಳಿಗೂ ಸಿಗುತ್ತದಾ?

ಹಿಮದೂರಿನವ

ಭಾರತದಿಂದ ಅರ್ಜಿ ಹಾಕಲು ಆಗುವುದಿಲ್ಲ. ಮಿನ್ನೆಸೋಟದ ಹೈಸ್ಕೂಲಲ್ಲಿ ಓದಿ, ಮಿನ್ನೆಸೋಟದ್ದೇ ಕಾಲೇಜಿಗೆ ಸೇರುವವರಿಗೆ. ಇಲ್ಲಿ ಬೆಳೆದ ನಮ್ಮವರ ಮಕ್ಕಳು ಅರ್ಜಿ ಹಾಕಬಹುದು. ಈ ವರ್ಷದ ನಿಯಮ, ಕೊನೆ ದಿನಾಂಕ ಎಲ್ಲ ಅವರ ಜಾಲತಾಣದಲ್ಲೇ ನೋಡಿಕೊಳ್ಳಬೇಕು.

ಕೆಂಪುಮಣ್ಣು

ಅಕ್ಕನ ಮಗ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲೇ ಇದ್ದಾನೆ, ಈಗ ಹನ್ನೆರಡನೇ ಕ್ಲಾಸು. ಗಣಿತ ಚೆನ್ನಾಗಿ ಹೇಳಿಕೊಡುತ್ತಾನೆ, ತಂಗಿಗೆ ಅವನೇ ಟ್ಯೂಷನ್. ಅಲ್ಲಿ ಈಗ ಬೆಳಿಗ್ಗೆ ಆಗಿರುತ್ತದೆ. ಫೋನ್ ಮಾಡಿ ಬರುತ್ತೇನೆ.